ಚಹಾದಂಗಡಿಯ ಬೆಳಕಿನಲ್ಲಿ ಒಂದು ವಿಶ್ವವಿದ್ಯಾನಿಲಯ

ಕೇಳುಗರೆ, ನಮಸ್ಕಾರ.

ಯುದ್ಧದ ಕಾಲದಲ್ಲಿ ಓದುವ ಮಕ್ಕಳ ಗತಿಯೇನು, ಅವರ ಕೈ ಹಿಡಿಯುವವರು ಯಾರು ಎಂದು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಚೀನಾದ ನೈಋತ್ಯ ಸಂಯುಕ್ತ ವಿಶ್ವವಿದ್ಯಾನಿಲಯ. 1937ರಲ್ಲಿ ಜಪಾನಿನ ಸೇನೆ ಉತ್ತರದ ನಗರಗಳನ್ನು ಆಕ್ರಮಿಸಿಕೊಂಡಾಗ ಪೀಕಿಂಗ್, ತ್ಸಿಂಗ್‌ಹ್ವಾ, ನಾನ್‌ಕೈ ಎಂಬ ಮೂರು ವಿಶ್ವವಿದ್ಯಾನಿಲಯಗಳು ನೆಲೆ ಕಳೆದುಕೊಂಡು ಮೊದಲು ಚಾಂಗ್‌ಶಾ ನಗರಕ್ಕೆ, ಅಲ್ಲಿಯೂ ಇರಲಾಗದೆ ಯುನ್ನಾನ್ ಪ್ರಾಂತದ ಕುನ್ಮಿಂಗಿಗೆ ಹೋಗಿ ಒಂದೇ ಸಂಸ್ಥೆಯಾಗಿ ನಿಂತವು.

ಆ ಎರಡನೆಯ ಪಯಣವನ್ನು ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಬಹುಪಾಲು ಕಾಲ್ನಡಿಗೆಯಲ್ಲೇ ಮುಗಿಸಿದರು. 1938ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ 68 ದಿನಗಳು, ಸುಮಾರು 1,600 ಕಿಲೋಮೀಟರ್. ಯುದ್ಧ ಗೆಲ್ಲುವವರೆಗೆ ಗಡ್ಡ ತೆಗೆಯುವುದಿಲ್ಲವೆಂದು ಪಣ ತೊಟ್ಟ ಕವಿ ವೆನ್ ಯಿದುವೊ ಅವರೊಂದಿಗೆ ನಡೆದರು. ಅವರ ಪ್ರೋತ್ಸಾಹದಿಂದ ವಿದ್ಯಾರ್ಥಿಯೊಬ್ಬ ದಾರಿಯ ಹಳ್ಳಿಗಳಲ್ಲಿ ಎರಡು ಸಾವಿರದಷ್ಟು ಜನಪದ ಗೀತೆಗಳನ್ನು ಬರೆದುಕೊಂಡ. ನಮ್ಮ ಜಾನಪದ ಸಂಗ್ರಾಹಕರು ಬೀಸುವ ಕಲ್ಲಿನ ಪಕ್ಕದಲ್ಲಿ ಕುಳಿತು ಹಾಡು ಬರೆದುಕೊಂಡದ್ದನ್ನು ಬಲ್ಲ ನಮಗೆ, ಊರು ಕಳೆದುಕೊಂಡು ನಡೆಯುತ್ತಿರುವ ಹುಡುಗನೊಬ್ಬ ಅದೇ ಕೆಲಸಕ್ಕೆ ನಿಂತದ್ದು ಎಂಥ ದೊಡ್ಡ ಮಾತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕುನ್ಮಿಂಗಿನಲ್ಲಿ ಅವರಿಗೆ ಸಿಕ್ಕಿದ್ದು ಮಣ್ಣಿನ ಗೋಡೆ, ಹುಲ್ಲಿನ ಚಾವಣಿಯ ವಸತಿ. ಒಂದೊಂದು ಕೋಣೆಗೆ ನಲವತ್ತು ಜನ. ತರಗತಿಗಳಿಗೆ ತಗಡಿನ ಹೊದಿಕೆ ಇದ್ದುದರಿಂದ ಮಳೆ ಜೋರಾದರೆ ಪಾಠ ಕೇಳಿಸುತ್ತಿರಲಿಲ್ಲ. ಊಟದ ಅನ್ನದಲ್ಲಿ ಮರಳು, ಹೊಟ್ಟು, ಇಲಿಯ ಹಿಕ್ಕೆ ಎಲ್ಲವೂ ಇರುತ್ತಿದ್ದವು. ಅದನ್ನವರು ಹಬ್ಬದ ಸಿಹಿಯ ಹೆಸರಿನಿಂದ ‘ಅಷ್ಟರತ್ನದ ಅನ್ನ’ ಎಂದು ಕರೆದು ಉಣ್ಣುತ್ತಿದ್ದರು.

ನೆರವು ಬರಲಿಲ್ಲವೆಂದಲ್ಲ. ಚೀನೀ ವಿದ್ಯಾರ್ಥಿಗಳಿಗಾಗಿ ಅಮೆರಿಕದ ವಿದ್ಯಾರ್ಥಿಗಳು 1937ರಲ್ಲಿಯೇ ನಿಧಿಯೊಂದನ್ನು ಆರಂಭಿಸಿದ್ದರು. ಶತ್ರುವಶವಾದ ಪ್ರದೇಶಗಳಿಂದ ಬಂದು, ಮನೆಯಿಂದ ಹಣ ತರಿಸಲಾಗದವರಿಗೆ ಸರ್ಕಾರ ಊಟದ ಖರ್ಚು ಕೊಟ್ಟಿತು. ಆದರೆ ಅದನ್ನು ದಾನವೆನ್ನದೆ ಸಾಲವೆಂದು ಕರೆಯಿತು. ಬೆಲೆಗಳು ಏರುತ್ತ ಹೋದಂತೆ ಆ ಸಾಲದ ಮೊತ್ತಕ್ಕೆ ಅರ್ಥವೇ ಉಳಿಯಲಿಲ್ಲವಾದರೂ, ಪಡೆಯುವ ಕೈ ತಗ್ಗದಂತೆ ಆ ಒಂದು ಪದ ಕಾಪಾಡಿತೆಂದು ನಾನು ನಂಬುತ್ತೇನೆ.

ಕೊಡುವವರಿಗಾದರೂ ಏನಿತ್ತು? ವಿಶ್ವವಿದ್ಯಾನಿಲಯದ ಆಡಳಿತ ನಡೆಸುತ್ತಿದ್ದ ಮೇ ಯಿಚೀ ಅವರ ನಾಲ್ವರು ಮಕ್ಕಳು ಅಲ್ಲಿಯೇ ಓದುತ್ತಿದ್ದರು. ಶಿಕ್ಷಣ ಸಚಿವಾಲಯದಿಂದ ವಿದ್ಯಾರ್ಥಿಗಳ ಸಹಾಯಧನ ಬಂದಾಗ, ಇನ್ನೂ ಬಡವರಾದ ಮಕ್ಕಳಿಗೆ ಅದು ಉಳಿಯಲೆಂದು ತಮ್ಮ ಮಕ್ಕಳಲ್ಲಿ ಒಬ್ಬರಿಗೂ ಅದನ್ನು ಪಡೆಯಲು ಅವರು ಬಿಡಲಿಲ್ಲ. ಅದೇ ದಿನಗಳಲ್ಲಿ ಅವರ ಹೆಂಡತಿ ಹಾನ್ ಯೊಂಗ್‌ಹ್ವಾ ಅಕ್ಕಿಹಿಟ್ಟಿನ ಕಡುಬು ಮಾಡಿ, ಗುರುತು ಸಿಗಬಾರದೆಂದು ಸಾದಾ ನೀಲಿ ಬಟ್ಟೆ ತೊಟ್ಟು, ಬುಟ್ಟಿ ಹೊತ್ತು ಮಾರಲು ಹೋಗುತ್ತಿದ್ದರು. ಆ ಕಡುಬಿಗಿದ್ದ ಹೆಸರಿನ ಅರ್ಥ ‘ಗೆಲುವು ಖಚಿತ’. ಹೀಗೆ ಬಿಟ್ಟುಕೊಟ್ಟದ್ದು ಯಾವ ದೇಣಿಗೆಯ ಪಟ್ಟಿಯಲ್ಲೂ ಸೇರುವುದಿಲ್ಲ. ನನ್ನ ಲೆಕ್ಕದಲ್ಲಿ ಅದೇ ಮೊದಲನೆಯ ಸಾಲಿನ ದೇಣಿಗೆ.

ಇನ್ನು ಚಹಾದಂಗಡಿಗಳು. ವಸತಿಯ ದೀಪ ಮಂಕು, ಗ್ರಂಥಾಲಯದಲ್ಲಿ ಜಾಗವಿಲ್ಲ. ಆದ್ದರಿಂದ ವಿದ್ಯಾರ್ಥಿಗಳು ಪುಸ್ತಕ ಹಿಡಿದು ಅಂಗಡಿಗಳ ಪ್ರಖರವಾದ ಗ್ಯಾಸ್‌ಲೈಟಿನ ಕೆಳಗೆ ಕೂರುತ್ತಿದ್ದರು. ಚಹಾಕ್ಕೂ ಕಾಸಿಲ್ಲದವರು ಬರಿಯ ಬಿಸಿನೀರು ಕೇಳಬಹುದಾಗಿತ್ತು. ಎಷ್ಟೋ ಪ್ರಬಂಧಗಳು, ಪರೀಕ್ಷೆಯ ಉತ್ತರಗಳು, ಕಥೆಗಳು ಆ ಮೇಜುಗಳ ಮೇಲೆಯೇ ಸಿದ್ಧವಾದವು. ದೂರದ ಶಾವೊಶಿಂಗಿನಿಂದ ಬಂದು ಅಲ್ಲಿ ನೆಲೆಸಿದ್ದ ಅಂಗಡಿಯವನೊಬ್ಬ, ತನ್ನಂತೆಯೇ ಊರು ಬಿಟ್ಟು ಬಂದ ಈ ಹುಡುಗರಿಗೆ ಚಹಾ ಕಡ ಕೊಡುತ್ತಿದ್ದುದಲ್ಲದೆ, ಸಿನಿಮಾ ನೋಡುವ ಆಸೆಯಾಯಿತೆಂದರೆ ಟಿಕೇಟಿನ ಹಣವನ್ನೂ ತೆಗೆದುಕೊಡುತ್ತಿದ್ದನಂತೆ.