ಫೋನ್ ಬೇರೆಯವರ ಕೈಗೆ ಹೋದಾಗ ನಿಮ್ಮ ಚಾಟ್‌ಗಳಿಗೆ ಕಾವಲು ಯಾರು?

[ಪರದೆ ಮೇಲೆ: ವಾಟ್ಸಾಪ್, ಸಿಗ್ನಲ್, ಟೆಲಿಗ್ರಾಂ ಐಕಾನ್‌ಗಳು]

ನಮಸ್ಕಾರ. ವಾಟ್ಸಾಪ್‌ನಲ್ಲಿ 2016ರಿಂದ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದೆ. ಸಿಗ್ನಲ್‌ನಲ್ಲೂ ಇದೆ. ನೀವು ಕಳಿಸಿದ ಮೆಸೇಜನ್ನು ದಾರಿ ಮಧ್ಯೆ ಯಾರೂ ಓದಲು ಆಗುವುದಿಲ್ಲ. ಆದರೆ ಮೆಸೇಜ್ ನಿಮ್ಮ ಫೋನಿಗೆ ಬಂದ ಮೇಲೆ ಎನ್‌ಕ್ರಿಪ್ಶನ್ ಕೆಲಸ ಮುಗಿಯಿತು. ಅನ್‌ಲಾಕ್ ಆದ ಫೋನ್ ಯಾರ ಕೈಯಲ್ಲಿದೆಯೋ ಅವರು ಎಲ್ಲವನ್ನೂ ಓದಬಹುದು. ಇವತ್ತಿನ ಮಾತು ಪೂರ್ತಿ ಅದರ ಬಗ್ಗೆ.

ಮೊದಲು ಲಾಕ್ ಸ್ಕ್ರೀನ್. ಆ್ಯಪ್‌ಗೆ ಎಷ್ಟೇ ಬೀಗ ಹಾಕಿದರೂ ಮೆಸೇಜ್ ನೋಟಿಫಿಕೇಶನ್‌ನಲ್ಲೇ ಕಾಣಿಸಿದರೆ ಏನು ಬಂತು? ಸಿಗ್ನಲ್‌ನ ನೋಟಿಫಿಕೇಶನ್ ಸೆಟ್ಟಿಂಗ್‌ನಲ್ಲಿ ಹೆಸರನ್ನೂ ಮೆಸೇಜನ್ನೂ ಮರೆಮಾಡಬಹುದು. ಉಳಿದವಕ್ಕೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಲಾಕ್ ಸ್ಕ್ರೀನ್ ಪ್ರಿವ್ಯೂ ಆಫ್ ಮಾಡಿ. ಎಸ್‌ಎಂಎಸ್‌ಗೂ ಹೀಗೇ ಮಾಡಿ. ನಿಮ್ಮ ಅಕೌಂಟನ್ನು ಬೇರೆ ಫೋನಿನಲ್ಲಿ ತೆರೆಯುವ ಕೋಡ್ ಬರುವುದು ಅದರಲ್ಲೇ. ಜೊತೆಗೆ ವಾಟ್ಸಾಪ್‌ನ ಟೂ-ಸ್ಟೆಪ್ ವೆರಿಫಿಕೇಶನ್, ಸಿಗ್ನಲ್‌ನ ರಿಜಿಸ್ಟ್ರೇಶನ್ ಲಾಕ್ ಆನ್ ಇರಲಿ. ಆಗ ಆ ಕೋಡ್ ಒಂದೇ ಸಿಕ್ಕರೆ ಸಾಲದು, ಪಿನ್ನೂ ಬೇಕಾಗುತ್ತದೆ.

[ಪರದೆ ಮೇಲೆ: ಆ್ಯಪ್ ಲಾಕ್]

ಈಗ ಆ್ಯಪ್ ಲಾಕ್. ಇದನ್ನು ಆನ್ ಮಾಡಿ ನಿಶ್ಚಿಂತೆಯಾಗಿ ಕೂರುವವರು ಬಹಳ. ಆದರೆ ಸಿಗ್ನಲ್‌ನ ಸ್ಕ್ರೀನ್ ಲಾಕ್ ತೆರೆಯುವುದು ನಿಮ್ಮ ಫೋನಿನ ಲಾಕಿನಿಂದಲೇ. ವಾಟ್ಸಾಪ್ ಕೂಡ ಫೋನಿನಲ್ಲಿ ಸೇರಿಸಿರುವ ಫಿಂಗರ್‌ಪ್ರಿಂಟ್ ಅಥವಾ ಮುಖವನ್ನೇ ನಂಬುತ್ತದೆ. ಮನೆ ಬಾಗಿಲಿಗೂ ಕಪಾಟಿಗೂ ಒಂದೇ ಬೀಗದ ಕೈ ಇಟ್ಟ ಹಾಗೆ, ಅಲ್ವಾ? ಫೋನಿನ ಪಿನ್ ಗೊತ್ತಿರುವವರು ತಮ್ಮ ಬೆರಳನ್ನೂ ಸುಮ್ನೆ ಸೇರಿಸಿಕೊಂಡುಬಿಡಬಹುದು. ಹಾಗಾಗಿ ಆ್ಯಪ್ ಲಾಕ್ ಹಾಕುವ ಮೊದಲು ಫೋನಿನ ಪಿನ್ ಬದಲಾಯಿಸಿ. ಸೇರಿಸಿರುವ ಫಿಂಗರ್‌ಪ್ರಿಂಟ್‌ಗಳ ಪಟ್ಟಿ ನೋಡಿ, ನಿಮ್ಮದಲ್ಲದ್ದನ್ನು ತೆಗೆಯಿರಿ.

ಪಿನ್ ಹಂಚಿಕೊಳ್ಳದೆ ಇರಲು ಆಗದ ಪರಿಸ್ಥಿತಿಯೂ ಇರುತ್ತದೆ. ಆಗ ಬೇಕಾಗಿರುವುದು ಬೇರೆಯದೇ ಕೀ. ಟೆಲಿಗ್ರಾಂನ ಪಾಸ್‌ಕೋಡ್ ಫೋನಿನ ಪಿನ್‌ಗಿಂತ ಬೇರೆ ಇಡಬಹುದು, ಆದರೆ ಅದರಲ್ಲಿ ಫಿಂಗರ್‌ಪ್ರಿಂಟ್ ಆಯ್ಕೆ ಆಫ್ ಇರಲಿ. ವಾಟ್ಸಾಪ್‌ನಲ್ಲಿ 2023ರ ನವೆಂಬರ್‌ನಿಂದ ಲಾಕ್ ಮಾಡಿದ ಚಾಟ್‌ಗಳಿಗೆ ಸೀಕ್ರೆಟ್ ಕೋಡ್ ಇಡಬಹುದು. ಲಾಕ್ ಮಾಡಿದ ಚಾಟ್‌ಗಳಿರುವ ಫೋಲ್ಡರನ್ನೇ ಪಟ್ಟಿಯಿಂದ ಮರೆಮಾಡಿದರೆ, ಸರ್ಚ್ ಬಾರ್‌ನಲ್ಲಿ ಆ ಕೋಡ್ ಟೈಪ್ ಮಾಡಿದಾಗ ಮಾತ್ರ ಅದು ಕಾಣುತ್ತದೆ. ನನ್ನ ಪ್ರಕಾರ ವಾಟ್ಸಾಪ್ ಕೊಟ್ಟಿರುವ ಬೀಗಗಳಲ್ಲಿ ಇದೇ ಹೆಚ್ಚು ಉಪಯೋಗದ್ದು.

[ಪರದೆ ಮೇಲೆ: ಲಿಂಕ್ಡ್ ಡಿವೈಸಸ್ ಪುಟ]

ನೀವು ಈ ವಿಡಿಯೋದಿಂದ ಒಂದೇ ಕೆಲಸ ಮಾಡುವುದಾದರೆ, ಇದನ್ನು ಮಾಡಿ. ವಿಡಿಯೋ ನಿಲ್ಲಿಸಿ, ಈಗಲೇ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್, ಅಂದರೆ ನಿಮ್ಮ ಅಕೌಂಟ್ ತೆರೆದಿರುವ ಬೇರೆ ಸಾಧನಗಳ ಪಟ್ಟಿ, ತೆರೆಯಿರಿ. ನಿಮ್ಮ ಪಿನ್ ಗೊತ್ತಿರುವವರಿಗೆ ಫೋನ್ ಒಂದೆರಡು ನಿಮಿಷ ಸಿಕ್ಕರೆ ಸಾಕು. ತಮ್ಮ ಕಂಪ್ಯೂಟರ್‌ನಲ್ಲಿರುವ ಕ್ಯೂಆರ್ ಕೋಡನ್ನು ನಿಮ್ಮ ಫೋನಿನಿಂದ ಸ್ಕ್ಯಾನ್ ಮಾಡಿ, ಫೋನ್ ವಾಪಸ್ ಇಟ್ಟುಬಿಡಬಹುದು. ಆಮೇಲೆ ನಿಮ್ಮ ಫೋನ್ ಅವರಿಗೆ ಬೇಕೇ ಇಲ್ಲ. ನಿಮಗೆ ಬರುವ ಮೆಸೇಜ್ ಅವರ ಪರದೆಗೂ ಬರುತ್ತದೆ. ನೀವು ಎಷ್ಟು ಆ್ಯಪ್ ಲಾಕ್ ಹಾಕಿದರೂ ಅಲ್ಲಿಗೆ ತಲುಪುವುದಿಲ್ಲ. ಎನ್‌ಕ್ರಿಪ್ಶನ್ ಕೂಡ ತಡೆಯುವುದಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ಅದು ನಿಮ್ಮದೇ ಸಾಧನ. ವಾಟ್ಸಾಪ್‌ಗೆ ಹೀಗೆ 4 ಸಾಧನ ಸೇರಿಸಬಹುದು. ಪಟ್ಟಿಯಲ್ಲಿ ಪ್ರತಿ ಸಾಧನದ ಹೆಸರು, ಕೊನೆಯದಾಗಿ ಬಳಸಿದ ಸಮಯ ಕಾಣುತ್ತದೆ. ಗುರುತಿಲ್ಲದ್ದು ಕಂಡರೆ ಅದರ ಮೇಲೆ ಒತ್ತಿ ಲಾಗೌಟ್ ಮಾಡಿ, ತಕ್ಷಣ ಪಿನ್ ಬದಲಾಯಿಸಿ. ಆಮೇಲೂ ಆಗಾಗ ಆ ಪಟ್ಟಿ ನೋಡುತ್ತಿರಿ.

ಡಿಸಪಿಯರಿಂಗ್ ಮೆಸೇಜಸ್ ಕೂಡ ಆನ್ ಇರಲಿ, ಆಗ ಮೆಸೇಜ್‌ಗಳು ನೀವು ಆರಿಸಿದ ಅವಧಿಯ ನಂತರ ತಾವಾಗಿಯೇ ಅಳಿಯುತ್ತವೆ. ವಾಟ್ಸಾಪ್‌ನಲ್ಲಿ 24 ಗಂಟೆ, 7 ದಿನ ಅಥವಾ 90 ದಿನ. ಆನ್ ಮಾಡುವ ಮುಂಚೆ ಬಂದ ಮೆಸೇಜ್‌ಗಳು ಮಾತ್ರ ಹಾಗೇ ಉಳಿಯುತ್ತವೆ. ಫೋಟೋಗಳು ತಾವಾಗಿಯೇ ಗ್ಯಾಲರಿಗೆ ಹೋಗದಂತೆ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ.

ಯಾರಾದರೂ "ಒಂದು ನಿಮಿಷ ಫೋನ್ ಕೊಡಿ" ಅಂದರೆ? ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್, ಐಫೋನ್‌ನಲ್ಲಿ ಗೈಡೆಡ್ ಆ್ಯಕ್ಸೆಸ್ ಇದೆ. ಇವು ಫೋನನ್ನು ಒಂದೇ ಆ್ಯಪ್‌ಗೆ ಕಟ್ಟಿಹಾಕುತ್ತವೆ. ಆಂಡ್ರಾಯ್ಡ್‌ನಲ್ಲಿ ಹೊರಬರುವಾಗ ಪಿನ್ ಕೇಳುವ ಆಯ್ಕೆಯನ್ನೂ ಆನ್ ಮಾಡಿ, ಆಗ ಅವರು ಆ ಒಂದು ಆ್ಯಪ್ ಬಿಟ್ಟು ಆಚೆ ಹೋಗಲು ಪಿನ್ ಬೇಕಾಗುತ್ತದೆ. ರಿಪೇರಿಗೆ ಕೊಡುವಾಗ ಸ್ಯಾಮ್‌ಸಂಗ್‌ನ ಮೆಂಟೆನೆನ್ಸ್ ಮೋಡ್, ಪಿಕ್ಸೆಲ್‌ನ ರಿಪೇರ್ ಮೋಡ್ ಬಳಸಿ. ಪಿನ್ ಹೇಳದೆಯೇ ಅವರು ಫೋನ್ ಪರೀಕ್ಷಿಸಬಹುದು, ನಿಮ್ಮ ಡೇಟಾ ಮಾತ್ರ ಕಾಣುವುದಿಲ್ಲ.

[ಪರದೆ ಖಾಲಿ, ಸಂಗೀತ ಇಲ್ಲ]

ಕೊನೆಯ ಮಾತು ಕೆಲವರಿಗೆ ಮಾತ್ರ. ನಿಮ್ಮ ಫೋನ್ ನೋಡುತ್ತಿರುವವರು ನಿಮ್ಮನ್ನು ಹೆದರಿಸುವವರು, ಹೊಡೆಯುವವರು ಆಗಿದ್ದರೆ ಮೇಲಿನ ಯಾವುದನ್ನೂ ಅವಸರದಲ್ಲಿ ಮಾಡಬೇಡಿ. ಸಾಧನವನ್ನು ಲಾಗೌಟ್ ಮಾಡಿದ ಕೂಡಲೇ ಅವರಿಗೆ ತಿಳಿಯುತ್ತದೆ. ಪಿನ್ ಬದಲಾದರೂ ತಿಳಿಯುತ್ತದೆ. ಆ ಸಿಟ್ಟು ನಿಮ್ಮ ಮೇಲೆ ಬರಬಹುದು. ಮೊದಲು ಲಿಂಕ್ಡ್ ಡಿವೈಸಸ್ ಪುಟದ ಚಿತ್ರವನ್ನು ನಿಮ್ಮ ಫೋನಿನಲ್ಲಲ್ಲ, ನೀವು ನಂಬುವ ಒಬ್ಬರ ಫೋನಿನಲ್ಲಿ ತೆಗೆಸಿಟ್ಟುಕೊಳ್ಳಿ. ಅದೇ ಫೋನಿನಿಂದ ಸಹಾಯ ಕೇಳಿ. ನೀವು ಸುರಕ್ಷಿತವಾಗಿರುವ ಜಾಗ ಗಟ್ಟಿಯಾದ ಮೇಲೆ ಲಾಗೌಟ್ ಒತ್ತಿ.