ಸ್ಟಿಕರ್ ಕೊಟ್ಟರೆ ಜಾಗ ಹುಟ್ಟುವುದಿಲ್ಲ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ. ಗಾಡಿ ನಿಲ್ಲಿಸಲು ಜಾಗ ಸಿಗದೆ ಎರಡು ಸುತ್ತು ಹಾಕಿ ಈಗ ತಾನೇ ಒಳಗೆ ಬಂದವರೂ ಇದ್ದೀರಿ. ಬನ್ನಿ, ಇವತ್ತಿನ ವಿಷಯಕ್ಕೆ ನೀವೇ ಸಾಕ್ಷಿ.

ನಮ್ಮ ಬೀದಿಗಳಿಗೆ ಪಾರ್ಕಿಂಗ್ ಪರ್ಮಿಟ್, ಅಂದರೆ ಪರ್ಮಿಟ್ ಇದ್ದ ನಿವಾಸಿಗಳಷ್ಟೇ ಇಲ್ಲಿ ಕಾರು ನಿಲ್ಲಿಸಬಹುದು ಅನ್ನುವ ನಿಯಮ, ಬೇಕೋ ಬೇಡವೋ ಅಂತ ಮುಂದಿನ ಸಭೆಯಲ್ಲಿ ಕೈ ಎತ್ತಬೇಕಾಗಿದೆ. ಎರಡೂ ಕಡೆಯ ವಾದ ನಿಮಗೆ ಬಾಯಿಪಾಠ. ಅದನ್ನೇ ಮತ್ತೆ ಹೇಳಿ ತಲೆ ತಿನ್ನುವುದಿಲ್ಲ. ನಾನು ಪರ್ಮಿಟ್ ವಿರೋಧಿಯಲ್ಲ. ನನ್ನ ತಕರಾರು ಒಂದೇ. ಪರ್ಮಿಟ್ ಅಂದರೆ ಗಾಜಿಗೆ ಅಂಟಿಸುವ ಒಂದು ಸ್ಟಿಕರ್. ಅದನ್ನು ಅಂಟಿಸಿದ ಮಾತ್ರಕ್ಕೆ ರಸ್ತೆ ಉದ್ದವಾಗುವುದಿಲ್ಲ. ಜಾಗ ಎಷ್ಟು, ಕಾರು ಎಷ್ಟು ಅಂತ ಮೊದಲು ಎಣಿಸಿ, ಆಮೇಲೆ ಕೈ ಎತ್ತಿ.

ಪರ್ಮಿಟ್ ಪರವಾಗಿರುವವರು ಆರ್ಲಿಂಗ್ಟನ್ ಕೇಸು ಹೇಳುತ್ತಾರೆ. ನನಗೂ ಅದು ಇಷ್ಟ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಆರ್ಲಿಂಗ್ಟನ್ ಅಂತ ಒಂದು ಕೌಂಟಿ, ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿ ಅರೋರಾ ಹೈಲ್ಯಾಂಡ್ಸ್ ಅಂತ ಒಂದು ಬಡಾವಣೆ. ಪಕ್ಕದಲ್ಲೇ ಕ್ರಿಸ್ಟಲ್ ಸಿಟಿ, ಅಲ್ಲಿ ಆಫೀಸುಗಳೋ ಆಫೀಸುಗಳು. ಕೆಲಸಕ್ಕೆ ಬರುವವರು ಬೆಳಗ್ಗೆ ಮನೆಗಳ ಮುಂದೆ ಕಾರು ಬಿಟ್ಟು ನಡೆದು ಹೋಗುತ್ತಿದ್ದರು. ಜನ ರೇಗಿದರು. ವಾರದ ಕೆಲಸದ ದಿನ ಬೆಳಗ್ಗೆ 8ರಿಂದ ಸಂಜೆ 5ರವರೆಗೆ ಪರ್ಮಿಟ್ ಇಲ್ಲದೆ ಇಲ್ಲಿ ನಿಲ್ಲಿಸಬಾರದು ಅಂತ ಕೌಂಟಿ ನಿಯಮ ಮಾಡಿತು. ಈಗ ರೇಗುವ ಸರದಿ ಆಫೀಸಿನವರದು. ರಸ್ತೆ ಎಲ್ಲರದು, ನಮಗೊಂದು ನ್ಯಾಯ ಅವರಿಗೊಂದು ನ್ಯಾಯವೇ ಅಂತ ಕೋರ್ಟಿಗೆ ಹೋದರು. ರಾಜ್ಯದ ಕೋರ್ಟು ಆಫೀಸಿನವರ ಮಾತೇ ಸರಿ ಅಂದಿತು. 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಗದ್ದಲ, ಹೊಗೆ, ಕಸ ಕಮ್ಮಿ ಮಾಡಲು ಊರು ಇಂಥ ನಿಯಮ ಮಾಡಬಹುದು, ನಿವಾಸಿ ಬೇರೆ ಹೊರಗಿನವರು ಬೇರೆ ಅಂತ ನೋಡಿದರೆ ಸಂವಿಧಾನಕ್ಕೆ ಧಕ್ಕೆಯಿಲ್ಲ ಎಂದಿತು.

ಇಲ್ಲಿಯವರೆಗೆ ಹೇಳಿ ನಮ್ಮವರು ಚಪ್ಪಾಳೆ ಗಿಟ್ಟಿಸುತ್ತಾರೆ. ಆದರೆ ಆ ಗಂಟೆ ನೋಡಿದಿರಾ? 8ರಿಂದ 5. ಅದು ಹಗಲಿನ ರೋಗಕ್ಕೆ ಕೊಟ್ಟ ಮದ್ದು. ನಮ್ಮ ದೂರು ಎಷ್ಟು ಹೊತ್ತಿಗೆ ಶುರುವಾಗುತ್ತದೆ? ರಾತ್ರಿ ಊಟದ ಹೊತ್ತಿಗೆ. ಆಗ ಆಫೀಸಿನವರೆಲ್ಲ ಅವರವರ ಮನೆಯಲ್ಲಿರುತ್ತಾರೆ, ಅಲ್ವಾ? ಹಾಗಾದರೆ ಬೀದಿ ತುಂಬ ನಿಂತಿರುವ ಕಾರು ಯಾರದು? (ಮುಂದಿನ ಸಾಲಿನವರು ನಗಬೇಡಿ, ನಿಮ್ಮದೂ ಇದೆ.)

ಬೇರೊಂದು ಬಡಾವಣೆಯವರು ಹೀಗೇ ಹೊರಗಿನವರನ್ನು ಬೈಯುತ್ತಿದ್ದರು. ಯಾರೋ ಬುದ್ಧಿವಂತರು ಹೇಳಿದರು, ರಾತ್ರಿ ಒಂದು ಸುತ್ತು ಹೋಗಿ ನಂಬರ್ ಪ್ಲೇಟು ಬರೆದುಕೊಳ್ಳೋಣ ಅಂತ. ನಾನೂ ಟಾರ್ಚು ಹಿಡಿದು ಜೊತೆಗೆ ಹೋದೆ. ಬರೆದುಕೊಂಡದ್ದರಲ್ಲಿ ಮುಕ್ಕಾಲುಪಾಲು ಅದೇ ಬೀದಿಯ ಮನೆಗಳ ಕಾರು. ಒಂದು ಮನೆಯ ಗೇಟಿನ ಮೇಲೆ ‘ನೋ ಪಾರ್ಕಿಂಗ್’ ಬೋರ್ಡು, ಕೆಂಪು ಅಕ್ಷರ, ಕೆಳಗೆ ಎರಡು ಗೀಟು ಬೇರೆ. ಒಳಗೆ ಗ್ಯಾರೇಜಿನ ಬಾಗಿಲು ತೆರೆದಿತ್ತು. ಹಳೇ ಸೋಫಾ, ಟ್ರೆಡ್‌ಮಿಲ್, ಟ್ರೆಡ್‌ಮಿಲ್ ಮೇಲೆ ಒಣಹಾಕಿದ ಬಟ್ಟೆ. ಕಾರು ಎಲ್ಲಿ? ಪಕ್ಕದ ಮನೆ ಮುಂದೆ!

ಲೆಕ್ಕ ಹಾಕಿ. ರಸ್ತೆ ಬದಿಯಲ್ಲಿ ಒಂದು ಕಾರು ನಿಂತು ಹೊರಡಲು ಸುಮಾರು 6 ಮೀಟರ್ ಬೇಕು. ಗೇಟಿನ ಮುಂದೆ ಖಾಲಿ ಬಿಟ್ಟ ಜಾಗ ಹೆಚ್ಚುಕಮ್ಮಿ ಒಂದು ಕಾರಿನದು. ಅದು ಹೋಯಿತು. ಗ್ಯಾರೇಜಿನ ಜಾಗ ಸೋಫಾ ತಿಂದಿತು. ಪಕ್ಕದವರ ಮುಂದಿನದನ್ನು ಕಾರು ತಿಂದಿತು. ಒಂದು ಕಾರಿಗೆ ಮೂರು ಜಾಗ! ಆ ಮನೆಯವರೇ ಪರ್ಮಿಟ್ ಅರ್ಜಿಗೆ ಮೊದಲು ಸಹಿ ಹಾಕಿದ್ದರು. ಅವರಿಗೆ ಸ್ಟಿಕರ್ ಸಿಕ್ಕರೆ ಏನು ಬದಲಾಗುತ್ತದೆ? ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಎಣಿಸಿ.

ನೂರು ಜಾಗವಿರುವ ಬೀದಿಗೆ ನೂರೈವತ್ತು ಪರ್ಮಿಟ್ ಕೊಟ್ಟರೆ ಸಿಗುವುದು ಜಾಗವಲ್ಲ, ಜಾಗ ಹುಡುಕುವ ಲೈಸೆನ್ಸು. ಈಗ ಸುಮ್ನೆ ಹುಡುಕುತ್ತೀರಿ, ಆಮೇಲೆ ದುಡ್ಡು ಕೊಟ್ಟು ಹುಡುಕುತ್ತೀರಿ.

ಜಪಾನಿನವರು ಈ ಗಂಟನ್ನು ಬೇರೆ ತುದಿಯಿಂದ ಬಿಚ್ಚಿದರು. 1962ರಲ್ಲಿ ಅಲ್ಲಿ ಒಂದು ಕಾನೂನು ಬಂತು. ರಸ್ತೆಯನ್ನು ಗ್ಯಾರೇಜು ಮಾಡಿಕೊಳ್ಳುವಂತಿಲ್ಲ. ಕಾರು ನೋಂದಾಯಿಸಬೇಕಾದರೆ ಮನೆಯಿಂದ 2 ಕಿಲೋಮೀಟರ್ ಒಳಗೆ ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದ್ದೋ ಜಾಗ ಇದೆ ಅಂತ ಪೊಲೀಸರಿಂದ ಪ್ರಮಾಣಪತ್ರ ತರಬೇಕು. ಜಾಗ ಮೊದಲು, ಕಾರು ಆಮೇಲೆ. ನಮ್ಮಲ್ಲಿ ಇದನ್ನು ಹೇಳಿದರೆ ನನ್ನನ್ನು ಈ ವೇದಿಕೆಯಿಂದ ಇಳಿಸುತ್ತೀರಿ, ಗೊತ್ತು.

ಕ್ಯಾಲಿಫೋರ್ನಿಯಾದಲ್ಲಿ ಡೊನಾಲ್ಡ್ ಶೂಪ್ ಅಂತ ಒಬ್ಬ ಪ್ರೊಫೆಸರ್ ಇದ್ದರು. ಜೀವನವೆಲ್ಲ ಪಾರ್ಕಿಂಗ್ ಬಗ್ಗೆಯೇ ಓದಿದವರು. ಮನೆಯವರು ಏನಂತಿದ್ದರೋ! ಪ್ರತಿ ಬೀದಿಯಲ್ಲಿ ಒಂದೆರಡು ಜಾಗ ಯಾವಾಗಲೂ ಖಾಲಿ ಇರುವಷ್ಟು ದರ ಇಡಿ, ಬಂದ ದುಡ್ಡನ್ನು ಅದೇ ಬೀದಿಯ ಫುಟ್‌ಪಾತು, ಮರ, ದೀಪಕ್ಕೆ ಹಾಕಿ ಅನ್ನುವುದು ಅವರ ವಾದ. ದುಡ್ಡು ಎಲ್ಲಿಗೆ ಹೋಯಿತು ಅಂತ ಕಣ್ಣಿಗೆ ಕಂಡರೆ ಜನ ಕೊಡುತ್ತಾರೆ. ಇದನ್ನು ನಮ್ಮ ಪರ್ಮಿಟ್ ನಿಯಮದ ಕರಡಿನಲ್ಲಿ ಯಾರೂ ಬರೆದಿಲ್ಲ.

ಚೀಟಿ ಬಂತು. ಐದು ನಿಮಿಷ ಅಂತೆ. ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ.

ಬೇಗ ಬೇಗ ಹೇಳುತ್ತೇನೆ. ನಾವು ಪರ್ಮಿಟ್ ಹಾಕಿದರೆ ಪಕ್ಕದ ಬೀದಿ ತುಂಬುತ್ತದೆ, ಆಮೇಲೆ ಅವರೂ ಕೇಳುತ್ತಾರೆ. ಗಡಿ ಎಲ್ಲಿ ಎಳೆಯುತ್ತೀರಿ ಅಂತ ಈಗಲೇ ಹೇಳಿ. ಬಾಡಿಗೆಗೆ ಇರುವವರು ಅರ್ಜಿಗೆ ಸಹಿ ಹಾಕಬಹುದೇ? ಕರಡಿನಲ್ಲಿ ‘ಮನೆ ಮಾಲೀಕರು’ ಅಂತಿದೆ, ಅದು ‘ವಾಸ ಇರುವವರು’ ಅಂತ ಆಗಬೇಕು. ವಯಸ್ಸಾದವರನ್ನು ನೋಡಿಕೊಳ್ಳಲು ಬರುವ ನರ್ಸು ದಿನಾ ಗೆಸ್ಟ್ ಪಾಸ್ ಕೇಳಬೇಕೇ? ಅವರಿಗೆ ವರ್ಷದ ಪಾಸ್ ಕೊಡಿ. ತಪಾಸಣೆ ವಿಷಯ ಬಿಡುತ್ತೇನೆ, ಅದೇ ಒಂದು ಗಂಟೆ ಆಗುತ್ತದೆ.

ನನ್ನ ತಿದ್ದುಪಡಿ ಇಷ್ಟು. ಜಾಗ ಎಷ್ಟೋ ಪರ್ಮಿಟ್ ಅಷ್ಟೇ. ಪ್ರತಿ ಮನೆಗೆ ಮೊದಲನೆಯದು ಅಗ್ಗ, ಎರಡನೆಯದು ಜಾಸ್ತಿ ದುಬಾರಿ. ಮನೆಯೊಳಗೆ ಗ್ಯಾರೇಜು ಇದ್ದವರಿಗೆ ಒಂದು ಪರ್ಮಿಟ್ ಕಮ್ಮಿ. ಸೋಫಾ ಅವರಿಷ್ಟ.

ಮಂಗಳವಾರ ರಾತ್ರಿ 11ಕ್ಕೆ ಎಣಿಸಲು ಹೊರಡುತ್ತೇವೆ. ಬಾಗಿಲ ಹತ್ತಿರ ಹಾಳೆ ಇಟ್ಟಿದೆ, ಹೆಸರು ಬರೆಯಿರಿ. ಪರವಾಗಿರುವವರೊಬ್ಬರು, ವಿರೋಧಿಸುವವರೊಬ್ಬರು ಜೊತೆಯಾಗಿ ಒಂದೊಂದು ಬೀದಿ ಹಿಡಿಯಿರಿ. ಇಲ್ಲದಿದ್ದರೆ ಬಂದ ಲೆಕ್ಕವನ್ನು ಇನ್ನೊಂದು ಕಡೆಯವರು ಒಪ್ಪುವುದಿಲ್ಲ. ಈಗ ಪ್ರಶ್ನೆಗಳು. ನೀವು ಕೇಳಿ, ಆಗಿನಿಂದ ಕೈ ಎತ್ತಿದ್ದೀರಿ.