ಬಾಗೇಪಲ್ಲಿಯ ತೊಟ್ಟಿ, ನನ್ನ ಎಡಗಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿಕ್ಕಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು. ವಯಸ್ಸು 46. ಪ್ರತಿ ವರ್ಷ ಜನವರಿಯ ಮೂರನೆಯ ಭಾನುವಾರ ಮುಂಬೈಯಲ್ಲಿ ನಡೆಯುವ ಮ್ಯಾರಥಾನಿನಲ್ಲಿ ನನ್ನ ಬಾಳಿನ ಮೊದಲ 42.195 ಕಿಲೋಮೀಟರ್ ಓಡಬೇಕೆಂದು ಸಿದ್ಧತೆ ನಡೆಸಿದ್ದೇನೆ. ನಿಜವಾಗಿ ಹೋದ ಜನವರಿಯಲ್ಲೇ ಓಡಬೇಕಾಗಿತ್ತು. ಆಗಲಿಲ್ಲ. ಏಕೆ ಆಗಲಿಲ್ಲ ಎಂಬುದನ್ನೂ, ಆಗದೆ ಹೋದ ಆ ವರ್ಷದಲ್ಲಿ ಏನೇನು ಆಯಿತು ಎಂಬುದನ್ನೂ ನಿಮ್ಮ ಮುಂದೆ ಇಡಬೇಕೆಂದು ಇಂದು ಇಲ್ಲಿಗೆ ಬಂದಿದ್ದೇನೆ.

ಓಟಕ್ಕಿಂತ ಮೊದಲು ನೀರಿನ ಮಾತು ಆಡಬೇಕು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಇವೆಲ್ಲ ಹುಟ್ಟುವುದು ನಂದಿಯ ಸುತ್ತಮುತ್ತಲ ಬೆಟ್ಟಗಳಲ್ಲಿ ಎಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ; ಆದರೆ ವರ್ಷವಿಡೀ ಹರಿಯುವ ಒಂದು ನದಿಯೂ ನಮ್ಮ ಜಿಲ್ಲೆಯಲ್ಲಿಲ್ಲ. ಕೆರೆ ಬತ್ತಿದ ಕಡೆಯೆಲ್ಲ ಕೊಳವೆಬಾವಿಯೇ ಗತಿಯಾಗಿದೆ, ಅದೂ ಸಾವಿರ ಅಡಿ ದಾಟಿದೆ. ಅಷ್ಟು ಆಳದ ಗ್ರಾನೈಟ್ ಬಂಡೆಗಳ ಸಂದಿಯಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ಮುಂದೆ ಮೂಳೆಗಳು ನೋಡಲು ದಟ್ಟವಾದರೂ ಒಳಗೆ ಪೆಡಸಾಗುತ್ತವೆ, ಕೀಲುಗಳು ಬಿಗಿದುಕೊಳ್ಳುತ್ತವೆ, ಬೆನ್ನು ಬಾಗುವುದಿಲ್ಲ. ಬಾಗೇಪಲ್ಲಿ ಕಡೆಯ ಹಳ್ಳಿಗಳಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿನ ಒಂದು ಸರ್ಕಾರಿ ಶಾಲೆಗೆ ಮೌಲ್ಯಮಾಪನದ ಕೆಲಸಕ್ಕೆ ಹೋಗಿದ್ದಾಗ ಐದನೆಯ ತರಗತಿಯ ಹುಡುಗಿಯೊಬ್ಬಳು ನನ್ನೊಡನೆ ಮಾತಾಡುವಾಗಲೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಾಚಿಕೆ ಎಂದುಕೊಂಡೆ. ಅವಳು ಮರೆಮಾಡುತ್ತಿದ್ದುದು ಹಲ್ಲನ್ನು.

ಮಳೆನೀರಿನಲ್ಲಿ ಈ ಫ್ಲೋರೈಡಿನ ಕಾಟವಿಲ್ಲ. ಲೆಕ್ಕ ಏಳನೆಯ ತರಗತಿಯ ಮಕ್ಕಳೂ ಮಾಡಬಹುದಾದದ್ದು: ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆಯಾಗುವ ನಮ್ಮಲ್ಲಿ 100 ಚದರ ಮೀಟರಿನ ಶಾಲಾ ಛಾವಣಿ, ಸೋರಿಕೆ, ಆವಿ ಎಲ್ಲ ಕಳೆದರೂ, 50,000 ಲೀಟರಿಗೆ ಕಡಿಮೆಯಿಲ್ಲದೆ ಕೊಡುತ್ತದೆ. ಬೇಕಾಗಿರುವುದು ಪೈಪು, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ಒಂದು ವಾಲ್ವು, ಮರಳು, ಜಲ್ಲಿ, ಇದ್ದಿಲು ತುಂಬಿದ ಸೋಸುಗುಂಡಿ ಮತ್ತು ಒಂದು ಮುಚ್ಚಿದ ತೊಟ್ಟಿ. ಬಾಗೇಪಲ್ಲಿಯ ಆ ಶಾಲೆಯಲ್ಲಿ ಇಷ್ಟನ್ನು ಕಟ್ಟಿಸಲು ಹಣ ಕೂಡಿಸಬೇಕೆಂದು ನಾನು ಮ್ಯಾರಥಾನ್ ಓಡುವೆನೆಂದು ಪರಿಚಿತರಿಗೆಲ್ಲ ಹೇಳಿದೆ. ಮುಂಬೈಯ ಆ ಓಟ 2004ರಲ್ಲಿ ಆರಂಭವಾಯಿತು. ಓಡುವವರು ಸತ್ಕಾರ್ಯವೊಂದಕ್ಕೆ ಹಣ ಸಂಗ್ರಹಿಸುವ ಪದ್ಧತಿಯೂ ಅದರ ಜೊತೆಯಲ್ಲೇ ಬೆಳೆದಿದೆ. ಅದನ್ನು ನೋಡಿಯೇ ನನಗೆ ಈ ಯೋಚನೆ ಬಂದದ್ದು.

ಹಿಂದಿನ ವರ್ಷ ಜೂನ್‌ನಲ್ಲಿ ಅಭ್ಯಾಸ ಶುರುಮಾಡಿದೆ. ಬೆಳಗಿನ ಐದು ಗಂಟೆಗೆ ಕಂದವಾರ ಕೆರೆಯ ದಂಡೆ, ಭಾನುವಾರ ನಂದಿ ಗ್ರಾಮದ ಕಡೆಯ ರಸ್ತೆ. ದ್ರಾಕ್ಷಿ ತೋಟಗಳ ನಡುವಿನ ಆ ರಸ್ತೆಯಲ್ಲಿ ಹಾಲಿನ ಕ್ಯಾನು ಹೊತ್ತ ಬೈಕುಗಳೂ ಹೂವಿನ ಮೂಟೆ ತುಂಬಿದ ಟೆಂಪೋಗಳೂ ಬಿಟ್ಟರೆ ಆ ಹೊತ್ತಿನಲ್ಲಿ ಬೇರೆ ಯಾರೂ ಇರುವುದಿಲ್ಲ. ಭೋಗನಂದೀಶ್ವರ ದೇವಾಲಯದ ಗೋಡೆಯವರೆಗೆ ಓಡಿ, ಅಲ್ಲಿ ಕ್ಷಣಕಾಲ ನಿಂತು, ತಿರುಗಿ ಬರುತ್ತಿದ್ದೆ. ಮೊದಲ ಎರಡು ತಿಂಗಳು ಎಲ್ಲವೂ ಸುಗಮವಾಗಿ ನಡೆಯಿತು. ಉಸಿರು ಹದಕ್ಕೆ ಬಂತು, ತೂಕ ಇಳಿಯಿತು, ನಿದ್ದೆ ಗಾಢವಾಯಿತು.

ಆಗಸ್ಟ್ ಹೊತ್ತಿಗೆ ಹಣ ಬರತೊಡಗಿತು. ನಾನು ತಪ್ಪಿದ್ದು ಅಲ್ಲಿ. 63 ಜನ ಕೊಟ್ಟ ಹಣ ನನ್ನ ಖಾತೆಯಲ್ಲಿ ಕುಳಿತಿತ್ತು. ಓಡಿ ಮುಗಿಸಿದ ಮೇಲೆಯೇ ಅದನ್ನು ಶಾಲೆಗೆ ಕೊಡುವುದು ನ್ಯಾಯ ಎಂದು ನನಗೆ ನಾನೇ ತೀರ್ಮಾನಿಸಿಕೊಂಡಿದ್ದೆ. ಪ್ರತಿಯೊಂದು ಐನೂರು ರೂಪಾಯಿಯೂ ಒಂದು ಋಣವಾಗಿ ಕಂಡಿತು. ಆ ಋಣದ ಭಾರಕ್ಕೆ ವಾರಕ್ಕೆ 25 ಕಿಲೋಮೀಟರ್ ಓಡುತ್ತಿದ್ದವಳು ಮೂರೇ ವಾರಗಳಲ್ಲಿ 42ಕ್ಕೆ ಏರಿದೆ. ಬೆಳಿಗ್ಗೆ ಬರೀ ಕಾಫಿ ಕುಡಿದು ಓಡಿ, ಮನೆಗೆ ಬಂದು ಅಡುಗೆ ಮಾಡಿ, ಅರ್ಧ ಹೊಟ್ಟೆಯಲ್ಲಿ ಶಾಲೆಗೆ ಓಡುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಎಡಗಾಲಿನ ಮೊಣಕಾಲಿನ ಕೆಳಗೆ, ಮೂಳೆಯ ಒಳಅಂಚಿನಲ್ಲಿ ನೋವು ಕಾಣಿಸಿಕೊಂಡಿತು. ಹೊಸದಾಗಿ ಓಡುವವರಲ್ಲಿ ಅನೇಕರಿಗೆ ಅಲ್ಲಿ ನೋವು ಬರುತ್ತದೆ. ಓಟಗಾರರು ಅದನ್ನು ಶಿನ್ ಸ್ಪ್ಲಿಂಟ್ ಎನ್ನುತ್ತಾರೆ. ಅಂಗೈ ಅಗಲದಷ್ಟು ಉದ್ದಕ್ಕೂ ಹರಡಿಕೊಂಡ ನೋವು ಅದು, ಮೈ ಬಿಸಿಯಾದ ಮೇಲೆ ಕಡಿಮೆಯಾಗುವುದೂ ಉಂಟು. ನನ್ನದು ಹಾಗಿರಲಿಲ್ಲ. ಹೆಬ್ಬೆರಳಿನಿಂದ ಮೂಳೆಯ ಗುಂಟ ಒತ್ತುತ್ತ ಬಂದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಜೀವ ಹೋಗುವಂತೆ ಚುಚ್ಚುತ್ತಿತ್ತು; ಓಡಿದಷ್ಟೂ ಹೆಚ್ಚುತ್ತಿತ್ತು; ಕಡೆಗೆ ರಾತ್ರಿ ಮಲಗಿದಾಗಲೂ ಮಿಡಿಯುತ್ತಿತ್ತು. ಈ ವ್ಯತ್ಯಾಸವನ್ನು ಓಡುವ ಪ್ರತಿಯೊಬ್ಬರೂ ತಿಳಿದಿರಬೇಕೆಂದು ಬಿಡಿಸಿ ಹೇಳುತ್ತಿದ್ದೇನೆ. ಒಂದೇ ಬಿಂದುವಿನಲ್ಲಿ ಚುಚ್ಚುವ, ರಾತ್ರಿಯೂ ಬಿಡದ ಮೂಳೆನೋವನ್ನು ವೈದ್ಯರಿಗೆ ತೋರಿಸದೆ ಒಂದು ಹೆಜ್ಜೆಯನ್ನೂ ಓಡಬಾರದು. ನಾನು ಮುಲಾಮು ಹಚ್ಚಿ, ನೋವಿನ ಮಾತ್ರೆ ನುಂಗಿ ಮೂರು ವಾರ ಓಡಿದೆ. ದೂರದ ಓಟಕ್ಕೆ ಮುಂಚೆ ಅಂಥ ಮಾತ್ರೆ ನುಂಗುವುದರಿಂದ ಮೂತ್ರಪಿಂಡಕ್ಕೂ ಅಪಾಯವಿದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಮೊದಲ ವಾರಗಳಲ್ಲಿ ಕಾಣದಿರುವುದೇ ಹೆಚ್ಚು ಎಂದು ವೈದ್ಯರು ಹೇಳಿ ಎಂಆರ್‌ಐ ಮಾಡಿಸಿದರು. ಮೊಣಕಾಲಿನ ಕೆಳಗಿನ ದಪ್ಪ ಮೂಳೆಯಾದ ಟಿಬಿಯಾದಲ್ಲಿ ಸ್ಟ್ರೆಸ್ ಫ್ರಾಕ್ಚರ್ ಆಗಿತ್ತು, ಅಂದರೆ ಕೂದಲೆಳೆಯ ಬಿರುಕು.

ಮೂಳೆ ಎಂಬುದು ಸತ್ತ ಕಂಬವಲ್ಲ ಎಂದು ನಾನೇ ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಹೊಸ ಭಾರ ಬಿದ್ದಾಗ ದೇಹವು ಮೊದಲು ಹಳೆಯ ಮೂಳೆಯನ್ನು ಕೆರೆದು ತೆಗೆಯುತ್ತದೆ, ಆಮೇಲೆ ಆ ಜಾಗಕ್ಕೆ ಹೊಸದನ್ನು ತುಂಬುತ್ತದೆ. ಕೆರೆಯುವ ಕೆಲಸ ಬೇಗ ಆಗುತ್ತದೆ, ತುಂಬುವ ಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ. ನಡುವಿನ ಆ ವಾರಗಳಲ್ಲಿ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಪಳಗುವುದರಿಂದ ಇನ್ನೂ ಓಡಬಲ್ಲೆ ಎಂದು ಉಸಿರು ಹೇಳುತ್ತಿರುತ್ತದೆ. ಮೂಳೆಯೂ ಸ್ನಾಯುರಜ್ಜುಗಳೂ ಬಹಳ ಹಿಂದೆ ಉಳಿದಿರುತ್ತವೆ. ಪಾಠದ ಹೊತ್ತಿನಲ್ಲಿ ಕಪ್ಪುಹಲಗೆಯ ಮೇಲೆ ಬರೆಯುವ ಈ ಸಂಗತಿ ನನ್ನ ಕಾಲಿಗೂ ಅನ್ವಯಿಸುತ್ತದೆ ಎಂದು ನನಗೆ ಹೊಳೆಯದೆ ಹೋದುದಕ್ಕೆ ಇಂದಿಗೂ ಮನಸ್ಸಿಗೆ ನೋವಾಗುತ್ತದೆ. ನಲವತ್ತು ದಾಟಿದ ಹೆಂಗಸರಲ್ಲಿ ಮೂಳೆ ತೆಳುವಾಗತೊಡಗುತ್ತದೆ, ಓಡುವಷ್ಟಕ್ಕೆ ತಕ್ಕಂತೆ ಉಣ್ಣದಿದ್ದರೆ ಇನ್ನೂ ಬೇಗ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕೂಡ ಕಡಿಮೆಯಿತ್ತು. ಎಂಟು ವಾರ ಓಡುವಂತಿಲ್ಲ ಎಂದರು. ಅದು ಅಕ್ಟೋಬರ್ ಮಧ್ಯಭಾಗ. ಜನವರಿ ಕೈತಪ್ಪಿತು.

ಅಂದು ರಾತ್ರಿ 63 ಜನರಿಗೂ ಕ್ಷಮೆ ಕೇಳಿ ಸಂದೇಶ ಬರೆದೆ. ಬೇಕಾದವರಿಗೆ ಹಣ ಹಿಂದಿರುಗಿಸುತ್ತೇನೆ ಎಂದೂ ಬರೆದೆ. ಯಾರೂ ಹಿಂದಕ್ಕೆ ಕೇಳಲಿಲ್ಲ. ಆದರೆ ನನ್ನ ಕಣ್ಣು ತೆರೆಸಿದ್ದು ಹಣ ಕೊಟ್ಟವರ ಮಾತಲ್ಲ, ಬಾಗೇಪಲ್ಲಿಯ ಆ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಫೋನು. ಕಾಲಿನ ವಿಚಾರ ಎರಡು ಮಾತಿನಲ್ಲಿ ಕೇಳಿ ಅವರು ಹೇಳಿದರು: “ಮೇಡಂ, ತಪ್ಪು ತಿಳಿಯಬೇಡಿ. ನೀವು ಓಡೋದು ಯಾವಾಗಾದರೂ ಆಗಲಿ, ನಿಧಾನವಾಗಿ ವಾಸಿ ಮಾಡಿಕೊಳ್ಳಿ. ಆದರೆ ಆ ಹಣ ಈಗಲೇ ಸಿಕ್ಕರೆ ಫೆಬ್ರವರಿಯೊಳಗೆ ತೊಟ್ಟಿ ಮುಗಿಸಬಹುದು. ಏಪ್ರಿಲ್ ಮಳೆಗೇ ನೀರು ಹಿಡಿಯಬಹುದು. ತಡವಾದರೆ ಒಂದು ವರ್ಷದ ಮಳೆ ಹೋಗುತ್ತೆ.”

ನಾನು ಉತ್ತರ ಕೊಡಲಾಗದೆ ಕುಳಿತೆ. ತೊಟ್ಟಿ ಕಟ್ಟುವುದಕ್ಕೂ ನನ್ನ ಕಾಲು ಮುಂಬೈಯಲ್ಲಿ ಓಡುವುದಕ್ಕೂ ಇದ್ದ ಸಂಬಂಧವನ್ನು ಕಟ್ಟಿದವಳು ನಾನೊಬ್ಬಳೇ. ಮಾರನೆಯ ದಿನ ಶಾಲಾಭಿವೃದ್ಧಿ ಸಮಿತಿಯ ಖಾತೆಗೆ ಅಷ್ಟೂ ಹಣ ಕಟ್ಟಿ, ರಶೀದಿಯ ಚಿತ್ರವನ್ನು ಎಲ್ಲರಿಗೂ ಕಳಿಸಿದೆ. ಅಂದಿನಿಂದ ಕಾಲಿನ ನೋವನ್ನು ಯಾರಿಂದಲೂ ಬಚ್ಚಿಡಬೇಕೆಂಬ ಒತ್ತಡ ನನಗೆ ಬಂದಿಲ್ಲ. ಸತ್ಕಾರ್ಯಕ್ಕಾಗಿ ಓಡಲು ಹೊರಟಿರುವವರು ನಮ್ಮ ಜಿಲ್ಲೆಯಲ್ಲಿ ಈಗ ಅಲ್ಲಲ್ಲಿ ಇದ್ದಾರೆ. ಹಣ ಬಂದ ದಿನವೇ ಅದು ಸೇರಬೇಕಾದ ಕಡೆ ಸೇರಲಿ, ಓಟದ ದಿನದವರೆಗೆ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ ಎಂದು ಅವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಪೆಟ್ಟು ಬಿದ್ದ ಕಾಲಿನ ಮೇಲೆ ಆ ಹಣದ ಭಾರವೂ ಬೀಳಬಾರದು.

ಎಂಟು ವಾರ ಸುಮ್ಮನೆ ಕೂರಲಿಲ್ಲ. ನೋವಿಲ್ಲದೆ ನಡೆಯಲು ಬಂದ ಮೇಲೆ ಸೈಕಲ್ ತುಳಿದೆ. ಮೀನಖಂಡ, ತೊಡೆ, ಸೊಂಟ ಇವುಗಳಿಗೆ ಬಲ ಬರುವ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟ್ ಕಲಿಸಿದರು. ಮಧ್ಯಾಹ್ನ ರಾಗಿಮುದ್ದೆ ಮತ್ತೆ ತಟ್ಟೆಗೆ ಬಂತು: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅದನ್ನು ಬಿಟ್ಟು ನಾನು ತೂಕ ಇಳಿಸುವ ಆಸೆಗೆ ಬರೀ ಸಲಾಡ್ ತಿನ್ನುತ್ತಿದ್ದೆ. ಫೆಬ್ರವರಿಯಲ್ಲಿ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ ಎಂಬ ಲೆಕ್ಕದಲ್ಲಿ ಮತ್ತೆ ಶುರುಮಾಡಿದೆ. ಹಾಗೆ ಓಟ ನಡಿಗೆ ಬೆರೆಸಿಯೇ ಮ್ಯಾರಥಾನ್ ಮುಗಿಸುವ ಕ್ರಮವನ್ನು 1972ರ ಒಲಿಂಪಿಕ್ಸಿನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಜನಪ್ರಿಯಗೊಳಿಸಿದರು. ನಡೆಯುವುದು ಸೋಲು ಎಂದು ನಾನು ಈಗ ತಿಳಿಯುವುದಿಲ್ಲ.

ಮೇ ತಿಂಗಳಲ್ಲಿ ಇನ್ನೊಂದು ಪೆಟ್ಟು ಬಿತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಟ್ಟ ಮೊದಲ ಹೆಜ್ಜೆಗೇ ಬಲಗಾಲಿನ ಹಿಮ್ಮಡಿಯಲ್ಲಿ ಮುಳ್ಳು ಹೊಕ್ಕಂತಾಯಿತು. ಹತ್ತು ಹೆಜ್ಜೆ ನಡೆದರೆ ಕಡಿಮೆ, ಮರುದಿನ ಮತ್ತೆ ಅದೇ. ಪ್ಲಾಂಟರ್ ಫ್ಯಾಷಿಯೈಟಿಸ್, ಅಂದರೆ ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನಲ್ಲಿ ಹರಡಿರುವ ದಪ್ಪ ಪಟ್ಟಿಗೆ ಆಗುವ ಪೆಟ್ಟು. ಸವೆದ ಬೂಟನ್ನು ಬದಲಿಸದೆ ಸಿಮೆಂಟ್ ರಸ್ತೆಯಲ್ಲಿ ಓಡಿದ್ದು, ದಿನವಿಡೀ ತೆಳು ಚಪ್ಪಲಿಯಲ್ಲಿ ನಿಂತು ಪಾಠ ಮಾಡಿದ್ದು, ಎರಡೂ ಸೇರಿಕೊಂಡಿದ್ದವು. ಈ ಸಲ ಎರಡನೆಯ ದಿನವೇ ನಿಲ್ಲಿಸಿದೆ. ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸುವುದು, ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವುದು, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕುವುದು. ಆರು ವಾರಗಳಲ್ಲಿ ಗುಣವಾಯಿತು.

ಆ ಆರು ವಾರಗಳ ನಡುವೆ ಒಂದು ದಿನ ಬಾಗೇಪಲ್ಲಿಗೆ ಹೋಗಿದ್ದೆ. ತೊಟ್ಟಿ ಏಪ್ರಿಲ್ ಕಡೆಯ ವಾರದ ಗುಡುಗುಮಳೆಗೇ ಕಾಲುಭಾಗ ತುಂಬಿತ್ತು. ನಲ್ಲಿಯ ಪಕ್ಕದಲ್ಲಿ ಸುಣ್ಣದಿಂದ ಗೆರೆ ಎಳೆದು ಯಾವ ಮಳೆಗೆ ಎಷ್ಟು ನೀರು ಬಂತೆಂದು ಮಕ್ಕಳು ದಿನಾಂಕ ಬರೆದಿಟ್ಟಿದ್ದರು. ಬಾಯಿ ಮುಚ್ಚಿಕೊಳ್ಳುತ್ತಿದ್ದ ಹುಡುಗಿ ಈಗ ಆರನೆಯ ತರಗತಿ. ಹಲ್ಲಿನ ಮೇಲೆ ಒಮ್ಮೆ ಮೂಡಿದ ಕಲೆ ನೀರು ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ, ಅದು ನನಗೆ ಗೊತ್ತು. ಅವಳ ತಮ್ಮ ಒಂದನೆಯ ತರಗತಿಗೆ ಸೇರಿದ್ದಾನೆ. ಅವನ ಹಾಲುಹಲ್ಲು ಈಗಷ್ಟೇ ಬೀಳುತ್ತಿವೆ, ಒಸಡಿನೊಳಗಿನ ಶಾಶ್ವತ ಹಲ್ಲುಗಳಲ್ಲಿ ಕೆಲವು ಇನ್ನೂ ರೂಪುಗೊಳ್ಳುತ್ತಿವೆ. ಅವನು ಲೋಟ ಹಿಡಿದು ನಲ್ಲಿಯ ಹತ್ತಿರ ನಿಂತಿದ್ದುದನ್ನು ನೋಡಿ ಬಂದೆ.

ಈಗ ನವೆಂಬರ್. ಮೂರು ವಾರ ದೂರ ಹೆಚ್ಚಿಸಿ ನಾಲ್ಕನೆಯ ವಾರ ಇಳಿಸುವ ಕ್ರಮದಲ್ಲಿ 24 ಕಿಲೋಮೀಟರಿನವರೆಗೆ ಬಂದಿದ್ದೇನೆ. ಡಿಸೆಂಬರಿನಲ್ಲಿ ಒಮ್ಮೆ 30 ಮುಟ್ಟಿ, ಕೊನೆಯ ಮೂರು ವಾರ ಓಟವನ್ನು ಇಳಿಸುತ್ತ ಹೋಗಬೇಕು. ಈ ವರ್ಷ ಕೂಡುತ್ತಿರುವ ಹಣ ಪಕ್ಕದ ಹಳ್ಳಿಯ ಶಾಲೆಯ ತೊಟ್ಟಿಗೆ. ಬಂದದ್ದು ಬಂದ ಹಾಗೇ ಹೋಗುತ್ತಿದೆ, ಅಲ್ಲಿ ತಳಪಾಯ ಅಗೆದಾಗಿದೆ.

ಬರುವ ಭಾನುವಾರ 26 ಕಿಲೋಮೀಟರ್. ನಾಲ್ಕೂವರೆಗೆ ಎದ್ದು, ಒಂದು ಬಾಳೆಹಣ್ಣು ತಿಂದು, ಮೆಟ್ಟಿಲ ಮೇಲೆ ಕುಳಿತು ಎಡಗಾಲಿನ ಒಳಅಂಚನ್ನು ಹೆಬ್ಬೆರಳಿನಿಂದ ಮೊಣಕಾಲಿನ ಕೆಳಗಿನಿಂದ ಕಣಕಾಲಿನವರೆಗೂ ಒತ್ತಿ ನೋಡುತ್ತೇನೆ. ಆ ನಾಣ್ಯದಷ್ಟು ಜಾಗ ಸುಮ್ಮನಿದ್ದರೆ ಬೂಟಿನ ಲೇಸು ಕಟ್ಟಿಕೊಂಡು ನಂದಿಯ ಕಡೆ ಹೊರಡುತ್ತೇನೆ. ಮಿಡಿದರೆ ಒಳಗೆ ಹೋಗಿ ಸೈಕಲ್ ತೆಗೆಯುತ್ತೇನೆ.

ನಮಸ್ಕಾರ.